ನಾಲ್ಕು ಅಡಿ ಹಲಗೆಯ ಮೇಲೆ ಬಾರ್ಶಿ ಲೈಟ್

ಪುಣೆಯ ಕೋಥರೂಡಿನಲ್ಲಿ ಭಾವೂ ಜೋಶಿಯವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯವೊಂದಿದೆ. 1998ರಿಂದ ಜನರಿಗೆ ತೆರೆದಿರುವ ಆ ಸಂಗ್ರಹಾಲಯದಲ್ಲಿ ಒಂದು ಸಭಾಂಗಣವನ್ನೇ ತುಂಬಿದ ಪಟ್ಟಣ, ಸಿಗ್ನಲ್ಲಿನ ಮಾತು ಕೇಳಿ ನಿಲ್ಲುವ ಗಾಡಿಗಳು, ಕತ್ತಲಾದೊಡನೆ ಒಂದೊಂದಾಗಿ ದೀಪ ಹೊತ್ತಿಕೊಳ್ಳುವ ಮನೆಗಳು ಕಣ್ಣಿಗೆ ಹಬ್ಬವಾಗುತ್ತವೆ. ನೋಡಿ ಹೊರಬಂದ ಮಗು ತನಗೂ ಅಂಥದೊಂದು ಬೇಕೆಂದು ಹಟ ಹಿಡಿಯುತ್ತದೆ. ಗಡಿಭಾಗದ ಮನೆಗಳಲ್ಲಿ ಹಿರಿಯರ ಉತ್ತರ ಎರಡು ಭಾಷೆಗಳಲ್ಲಿದ್ದರೂ ಒಂದೇ. ‘ಘರಾತ ಜಾಗಾ ಕುಠಂ ಆಹೇ?’ ಎಂದು ಮರಾಠಿಯಲ್ಲಿ. ‘ಮನ್ಯಾಗ ಜಾಗಾ ಎಲ್ಲೈತಿ?’ ಎಂದು ಕನ್ನಡದಲ್ಲಿ. ಮಾತು ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಗೆ ಮುಗಿಯಬೇಕಾದ ಮಾತು ಅದಲ್ಲ. ಮಾದರಿ ರೈಲು ಕಟ್ಟಲು ದೊಡ್ಡ ಮನೆ ಬೇಕು, ಇಲ್ಲದವರು ಕೀಲಿ ಕೊಟ್ಟು ಓಡಿಸುವ ಆಟಿಕೆಯಲ್ಲಿ ತೃಪ್ತಿಪಡಬೇಕು ಎಂಬ ತಿಳಿವಳಿಕೆ ಈ ಕಲೆಯ ಸ್ವರೂಪವನ್ನೇ ತಪ್ಪಾಗಿ ಗ್ರಹಿಸಿದ್ದು. ಗಿರಣಿ ಚಾಳಿನ ಹತ್ತು ಅಡಿಗೆ ಹತ್ತು ಅಡಿಯ ಕೋಣೆಯಲ್ಲಿ, ಕಪಾಟಿನ ನೆತ್ತಿಯ ಮೇಲೆ, ನಾಲ್ಕು ಅಡಿ ಉದ್ದದ ಒಂದು ಅಡಿ ಅಗಲದ ಹಲಗೆಗೆ ಎಡೆಯಿದ್ದರೆ ಅಲ್ಲೊಂದು ರೈಲುಮಾರ್ಗ ಹಿಡಿಸುತ್ತದೆ. ದೊಡ್ಡದರ ಬಡ ನಕಲಾಗಿ ಅಲ್ಲ, ತನ್ನದೇ ನಿಯಮಗಳುಳ್ಳ ಕೃತಿಯಾಗಿ. ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಈ ಮಾತು ಉಳಿದವರಿಗಿಂತ ಬೇಗ ತಿಳಿಯಬೇಕು. ಏಕೆಂಬುದನ್ನು ಮುಂದೆ ನೋಡಬಹುದು.

ಮೊದಲು ಲೆಕ್ಕ. ಕುರ್ಡುವಾಡಿಯಿಂದ ಬಾರ್ಶಿಗೆ 1897ರಲ್ಲಿ ತೆರೆದ ಸಣ್ಣ ಹಳಿಯ ದಾರಿ 21 ಮೈಲಿ, ಅಂದರೆ ಸುಮಾರು 34 ಕಿಲೋಮೀಟರ್. ಮಾದರಿ ರೈಲುಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಎಚ್‌ಒ ಅಳತೆ 1:87. ನೆಲದ ಮೇಲಿನ 87 ಅಡಿ ಅಲ್ಲಿ ಒಂದು ಅಡಿ. ಈ ಅಳತೆಯಲ್ಲಿ ಬಾರ್ಶಿಯ ದಾರಿಯನ್ನು ಇದ್ದದ್ದು ಇದ್ದಂತೆ ಕಟ್ಟಹೊರಟರೆ 390 ಮೀಟರ್ ಉದ್ದದ ಕೋಣೆ ಬೇಕು. ಯಾವ ಸಂಸ್ಥಾನಿಕರ ವಾಡೆಯಲ್ಲಿಯೂ ಅಂಥ ಕೋಣೆಯಿರಲಿಲ್ಲ. 1:160ರ ಎನ್ ಅಳತೆಗೆ ಇಳಿದರೆ 212 ಮೀಟರ್. ಜರ್ಮನಿಯ ಮೆರ್ಕ್ಲಿನ್ ಕಂಪನಿ 1972ರಲ್ಲಿ ತಂದ ಝಡ್ ಅಳತೆ 1:220. ಅದರಲ್ಲಿ 155 ಮೀಟರ್. ಜಪಾನಿನಿಂದ ಬಂದ ಟಿ ಅಳತೆ 1:450, ಎರಡು ಹಳಿಗಳ ನಡುವಿನ ಅಂತರ ಬರಿಯ 3 ಮಿಲಿಮೀಟರ್, ಎಂಜಿನ್ನು ಉಗುರಿನ ಮೇಲೆ ನಿಂತೀತು. ಅದರಲ್ಲಿಯೂ 75 ಮೀಟರ್. ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಬೃಹತ್ ಮಾದರಿ ಜಗತ್ತಿನಲ್ಲಿ ಹಲವು ನಾಡುಗಳ ಬೆಟ್ಟ, ಬಂದರು, ನಗರಗಳಿವೆ, ಆದರೆ ಒಂದು ನಾಡೂ ಪೂರ್ತಿಯಾಗಿಲ್ಲ. ಕೋಟಿಗಟ್ಟಲೆ ಸುರಿದವನೂ ಬಿಟ್ಟೇ ಕಟ್ಟಿದ್ದಾನೆ. ಚಾಳಿನ ಕೋಣೆಯವನೂ ಬಿಟ್ಟೇ ಕಟ್ಟಬೇಕು. ಇಬ್ಬರ ನಡುವಿನ ಅಂತರ ಎಷ್ಟು ಬಿಟ್ಟರು ಎಂಬುದರಲ್ಲಿದೆ. ಮುಖ್ಯವಾದ ಪ್ರಶ್ನೆ ಅದಲ್ಲ, ಏನನ್ನು ಬಿಟ್ಟರು ಎಂಬುದು.

ಜಾಗ ಕಿರಿದಾದಾಗ ಹೊಸಬರಿಗೆ ಮೊದಲು ಹೊಳೆಯುವ ಉಪಾಯ ಅಳತೆಯನ್ನು ಕುಗ್ಗಿಸುವುದು. ಎರಡನೆಯದು, ಸಿಕ್ಕಷ್ಟು ಹಲಗೆಯ ಮೇಲೆ ಮೊಟ್ಟೆಯಾಕಾರದ ಸುತ್ತು ಹಾಕಿ ಗಾಡಿಯನ್ನು ಗಾಣದ ಎತ್ತಿನಂತೆ ತಿರುಗಿಸುವುದು. ಎರಡೂ ನಿರಾಶೆಗೆ ಒಯ್ಯುವ ದಾರಿಗಳು. ಎಚ್‌ಒ ಅಳತೆಯ ಅತಿ ಬಿಗಿಯಾದ ತಿರುವಿಗೂ ತ್ರಿಜ್ಯ 36 ಸೆಂಟಿಮೀಟರಿನ ಆಸುಪಾಸು ಬೇಕು. ಅಂದರೆ ಸುತ್ತು ಹೊಡೆಯುವ ಹಲಗೆ ಎಂಬತ್ತು ಸೆಂಟಿಮೀಟರಿಗೂ ಅಗಲವಾಗಿರಬೇಕು. ಒಂದು ಮಂಚದ ಅಗಲ ಅದಕ್ಕೇ ಹೋಯಿತು. ಎನ್ ಅಳತೆಯಲ್ಲಿ ಐವತ್ತು-ಅರವತ್ತು ಸೆಂಟಿಮೀಟರಿನಲ್ಲಿ ಕೆಲಸವಾಗುತ್ತದೆ ನಿಜ. ಆದರೆ ತನ್ನ ಬಾಲವನ್ನು ತಾನೇ ಬೆನ್ನಟ್ಟುವ ಗಾಡಿಯನ್ನು ಎಷ್ಟು ಹೊತ್ತು ನೋಡಲು ಸಾಧ್ಯ? ಮೊದಲ ಸಂಜೆ ಮನೆಮಂದಿಯೆಲ್ಲ ಸುತ್ತುವರಿಯುತ್ತಾರೆ. ಎರಡನೆಯ ವಾರಕ್ಕೆ ಹಲಗೆ ಮಂಚದ ಕೆಳಗೆ ಸೇರುತ್ತದೆ.

ಜಪಾನೀಯರ ಪಕ್ಷವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ನಗರಗಳ ಮನೆಗಳೂ ಕಿರಿದು. 1965ರಲ್ಲಿ ಕಾಟೋ ಕಂಪನಿ ಜಪಾನಿನ ಮೊದಲ ಎನ್ ಅಳತೆಯ ಎಂಜಿನ್ನನ್ನು ಹೊರತಂದ ಮೇಲೆ ಆ ದೇಶದ ಹವ್ಯಾಸಿಗಳಲ್ಲಿ ಬಹುಪಾಲು ಆ ಅಳತೆಗೇ ಹೊರಳಿದರು. ಜಲ್ಲಿಯೂ ಅಂಟಿಕೊಂಡೇ ಬರುವ ಹಳಿಯ ತುಂಡುಗಳನ್ನು ಚಾಪೆಯ ಮೇಲೆ ಜೋಡಿಸಿ, ಮಧ್ಯಾಹ್ನವೆಲ್ಲ ಓಡಿಸಿ, ಊಟದ ಹೊತ್ತಿಗೆ ಬಿಚ್ಚಿ ಪೆಟ್ಟಿಗೆಗೆ ತುಂಬುವ ಪದ್ಧತಿ ಅಲ್ಲಿ ಬೆಳೆಯಿತು. ಅದು ಜಾಣತನ, ಸಂಶಯವಿಲ್ಲ. ಓಟದ ಸೊಗಸಿಗಾಗಿಯೇ ರೈಲನ್ನು ಪ್ರೀತಿಸುವವರಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಬಿಚ್ಚಿಟ್ಟ ಹಳಿಯ ಸುತ್ತ ಊರು ಕಟ್ಟಲಾಗುವುದಿಲ್ಲ. ಊರಿಲ್ಲದ ಗಾಡಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ಹಂಗಿಲ್ಲ.

ಇಲ್ಲಿ ರನ್ನನನ್ನು ನೆನೆಯಬೇಕು. ಮುದುವೊಳಲಿನ ಈ ಕವಿಯ ಮುಂದೆ ಪಂಪ ಆಗಲೇ ಹದಿನಾಲ್ಕು ಆಶ್ವಾಸಗಳಲ್ಲಿ ಸಮಸ್ತ ಭಾರತವನ್ನು ಹೇಳಿ ಮುಗಿಸಿದ್ದನು. ರನ್ನನು ಅದನ್ನು ಇನ್ನಷ್ಟು ಸಣ್ಣ ಅಕ್ಷರಗಳಲ್ಲಿ ಬರೆಯಲು ಹೋಗಲಿಲ್ಲ. ಹದಿನೆಂಟು ಪರ್ವಗಳನ್ನು ಹಿಂಡಿ ಹತ್ತಕ್ಕೆ ಇಳಿಸಲಿಲ್ಲ. ಯುದ್ಧದ ಕೊನೆಯ ದಿನವನ್ನು, ಇಬ್ಬರ ಗದೆಗಳ ಕಾಳಗವನ್ನು ಆರಿಸಿಕೊಂಡನು. ಉಳಿದ ಭಾರತವೆಲ್ಲ ಸಿಂಹಾವಲೋಕನ ಕ್ರಮದಿಂದ, ಪಾತ್ರಗಳ ನೆನಪಿನಲ್ಲಿ, ಬೈಗುಳದಲ್ಲಿ, ಶೋಕದಲ್ಲಿ ಬಂದು ಹೋಗುತ್ತದೆ. ದ್ಯೂತಸಭೆ ರಂಗದ ಮೇಲಿಲ್ಲ, ಆದರೆ ಅದರ ಬಿಸಿ ಇದೆ. ಕಿರಿದಾದ ಸ್ಥಳದಲ್ಲಿ ರೈಲು ಕಟ್ಟುವವನು ಕಲಿಯಬೇಕಾದದ್ದು ಇದನ್ನೇ: ಇಡೀ ದಾರಿಯನ್ನು ಕುಗ್ಗಿಸಬಾರದು, ದಾರಿಯೆಲ್ಲ ಬಂದು ಸೇರುವ ಒಂದು ಜಾಗವನ್ನು ಹುಡುಕಬೇಕು. ಉಳಿದದ್ದು ತೆರೆಯ ಹಿಂದೆ ಇರಲಿ. ಇಲ್ಲದ್ದನ್ನು ಇದೆಯೆನ್ನಿಸುವ ಕೆಲಸ ಹಲಗೆಯ ಅಂಚಿನದು.

ಪಶ್ಚಿಮದ ಹವ್ಯಾಸಿಗಳಲ್ಲಿ ಇದನ್ನು ಮೊದಲೇ ಕಂಡುಕೊಂಡವರಿದ್ದಾರೆ. ಇಂಗ್ಲೆಂಡಿನಲ್ಲಿ ‘ರೈಲ್ವೆ ಮಾಡೆಲ್ಲರ್’ ಪತ್ರಿಕೆಯ ಸಂಪಾದಕನಾಗಿದ್ದ ಸಿರಿಲ್ ಫ್ರೀಝರ್ 1957ರಲ್ಲಿ ‘ಮಿನೋರೀಸ್’ ಎಂಬ ನಕ್ಷೆಯನ್ನು ಪ್ರಕಟಿಸಿದನು. ಲಂಡನ್ನಿನ ಒಂದು ಬೀದಿಯ ಹೆಸರು ಹೊತ್ತ ಆ ನಗರದ ಕೊನೆಯ ನಿಲ್ದಾಣ ಎರಡು ಹಲಗೆಗಳಾಗಿ ಮಡಚಿಕೊಳ್ಳುತ್ತಿತ್ತು. ಅದರ ಬೇರೆ ಬೇರೆ ರೂಪಗಳನ್ನು ಜನ ಇಂದಿಗೂ ಕಟ್ಟುತ್ತಿದ್ದಾರೆ. ಅಮೆರಿಕದ ಜಾನ್ ಆಲನ್ 1972ರಲ್ಲಿ ಐದು ಪಾಯಿಂಟುಗಳ ಶಂಟಿಂಗ್ ಒಗಟೊಂದನ್ನು ಪ್ರಕಟಿಸಿದನು. ನೆಲಮಾಳಿಗೆ ತುಂಬುವಷ್ಟು ದೊಡ್ಡ ಮಾದರಿಯನ್ನು ಕಟ್ಟಿ ಹೆಸರಾದ ಅವನೂ ಆರಂಭಿಸಿದ್ದು ಒಂದು ಸಣ್ಣ ಹಲಗೆಯಿಂದ. ದೊಡ್ಡದು ಬೆಳೆದಾಗ ಆ ಮೊದಲ ಹಲಗೆಯನ್ನು ಕಿತ್ತೆಸೆಯದೆ ಅದರ ಹೊಟ್ಟೆಯೊಳಗೇ ಉಳಿಸಿಕೊಂಡನು. ಕಾರ್ಲ್ ಆರೆಂಟ್ ಎಂಬ ಇನ್ನೊಬ್ಬ ಅಮೆರಿಕನ್ ನಾಲ್ಕು ಚದರ ಅಡಿಯೊಳಗಿನ ಮಾದರಿಗಳಿಗೇ ತನ್ನ ಹವ್ಯಾಸದ ಕಾಲವನ್ನೆಲ್ಲ ಮುಡಿಪಿಟ್ಟನು. ಮೇಲೆ ಹೇಳಿದ ಕಪಾಟಿನ ನೆತ್ತಿಯ ಹಲಗೆ ಸರಿಯಾಗಿ ಅಷ್ಟೇ, ನಾಲ್ಕು ಚದರ ಅಡಿ.

ಆದರೆ ಇವರೆಲ್ಲರಿಗಿಂತ ಮಿತವ್ಯಯಿ ಆಲನ್ ರೈಟ್ ಎಂಬ ಇಂಗ್ಲಿಷ್ ಹವ್ಯಾಸಿ. ಅವನ ‘ಇಂಗ್ಲ್‌ನೂಕ್’ ಎಂಬ ನಕ್ಷೆಯ ಹೆಸರಿಗೆ ಅಗ್ಗಿಷ್ಟಿಕೆಯ ಮಗ್ಗುಲಿನ ಬೆಚ್ಚನೆಯ ಮೂಲೆ ಎಂದು ಅರ್ಥ. ಅದರಲ್ಲಿರುವುದು ಎರಡೇ ಪಾಯಿಂಟು, ಮೂರೇ ಸೈಡಿಂಗು. ಒಂದು ಸೈಡಿಂಗಿನಲ್ಲಿ ಐದು ಮಾಲುಡಬ್ಬಿಗಳು ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಮೂರೂ ಕೂಡುವ ಕಡೆ ಎಂಜಿನ್ನಿಗೂ ಮೂರು ಡಬ್ಬಿಗಳಿಗೂ ಸಾಲುವಷ್ಟು ಉದ್ದದ ಶಂಟಿಂಗ್ ನೆಕ್. ಇಷ್ಟರಲ್ಲಿ ಎಂಟು ಡಬ್ಬಿಗಳು. ಎಂಟು ಚೀಟಿಗಳಲ್ಲಿ ಐದನ್ನು ಎತ್ತಬೇಕು. ಚೀಟಿ ಬಂದ ಸರದಿಯಲ್ಲಿಯೇ ಆ ಐದು ಡಬ್ಬಿಗಳನ್ನು ಉದ್ದದ ಸೈಡಿಂಗಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಎಳೆ, ಬಿಡು, ನೂಕು, ಮತ್ತೆ ಎಳೆ. ಆಟ ಇಷ್ಟೇ.

ಇಷ್ಟೇ ಎಂದವರು ಒಮ್ಮೆ ಗುಣಾಕಾರ ಮಾಡಿ ನೋಡಬೇಕು. ಮೊದಲ ಸ್ಥಾನಕ್ಕೆ ಎಂಟು ಡಬ್ಬಿಗಳಲ್ಲಿ ಯಾವುದಾದರೂ ಬರಬಹುದು, ಎರಡನೆಯದಕ್ಕೆ ಏಳರಲ್ಲಿ ಒಂದು, ಹೀಗೆ ಐದನೆಯದಕ್ಕೆ ನಾಲ್ಕರಲ್ಲಿ ಒಂದು. ಗುಣಿಸಿದರೆ 6720 ಬೇರೆ ಬೇರೆ ಗಾಡಿಗಳು. ಅವುಗಳಲ್ಲಿ ಕಟ್ಟಲಾಗದ ಗಾಡಿ ಒಂದೂ ಇಲ್ಲ. ದಿನಕ್ಕೊಂದರಂತೆ ಕಟ್ಟಿದರೂ ಹದಿನೆಂಟು ವರ್ಷ ಬೇಕು. ಪ್ರಾಥಮಿಕ ಶಾಲೆಯ ಹುಡುಗ ಆರಂಭಿಸಿದರೆ ಎಂ.ಎ. ಮುಗಿಸಿ ನೌಕರಿ ಹುಡುಕುವ ಹೊತ್ತಿಗೂ ಆಟ ಉಳಿದಿರುತ್ತದೆ. ಸುತ್ತು ಹೊಡೆಯುವ ಹಳಿಯಲ್ಲಿ ಈ ಆಳವಿಲ್ಲ. ಹುಲಿಮನೆಯ ಆಟಕ್ಕೆ ಕಟ್ಟೆಯ ಮೇಲೆ ಒಂದು ಮೊಳದ ಗೆರೆ ಸಾಕಾದಂತೆ ಇದಕ್ಕೂ ನಾಲ್ಕು ಅಡಿ ಸಾಕು.

ಹಾಗಾದರೆ ಆ ಹಲಗೆಯ ಮೇಲೆ ಯಾವ ಊರು? ಇಂಗ್ಲೆಂಡಿನ ಪೆಟ್ಟಿಗೆಯಲ್ಲಿ ಬರುವ ಹೆಂಚಿನ ಚರ್ಚು, ಹಸಿರು ಗುಡ್ಡ, ಕುರಿಗಳು ಬೇಡವೆಂದಾದರೆ ಸೊಲ್ಲಾಪುರ ಜಿಲ್ಲೆಯ ಮಗ್ಗುಲಲ್ಲಿಯೇ ಒಂದು ಉತ್ತರವಿದೆ. ಜನರ ಬಾಯಲ್ಲಿ ‘ಬಾರ್ಶಿ ಲೈಟ್’ ಎಂದೇ ಉಳಿದಿರುವ ಬಾರ್ಶಿ ಲೈಟ್ ರೈಲ್ವೆಯನ್ನು ಕಟ್ಟಿದವನು ಎವರಾರ್ಡ್ ಕ್ಯಾಲ್‌ಥ್ರಾಪ್. ಜಿಐಪಿ ರೈಲ್ವೆಯಲ್ಲಿ ಎಂಜಿನಿಯರನಾಗಿದ್ದ ಇವನು 1895ರಲ್ಲಿ ಲಂಡನ್ನಿನಲ್ಲಿ ಕಂಪನಿ ಸ್ಥಾಪಿಸಿ, ಎರಡೂವರೆ ಅಡಿ ಅಂತರದ ಹಳಿ ಹಾಸಿದನು. ಒಂದೊಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ನೋಡಿಕೊಂಡರೆ ಹಗುರವಾದ ಹಳಿಯ ಮೇಲೂ ಹೆಚ್ಚು ಸರಕು ಸಾಗಿಸಬಹುದು ಎಂಬುದು ಅವನ ವಾದ. ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆ ಎಂಟು ಚಾಲಕಗಾಲಿಗಳ ಎಂಜಿನ್ನುಗಳನ್ನು ಮಾಡಿಕೊಟ್ಟಿತು. ಕ್ಯಾಲ್‌ಥ್ರಾಪ್ ಮುಂದೆ ವಿಮಾನ ಚಾಲಕರಿಗಾಗಿ ಪ್ಯಾರಾಶೂಟನ್ನೂ ತಯಾರಿಸಿದನೆಂಬುದು ಬೇರೆ ಕಥೆ. ಹಗುರವಾಗಿರುವುದೇ ಬಲ ಎಂಬ ಹುಚ್ಚು ಅವನನ್ನು ನೆಲದ ಮೇಲೂ ಬಿಡಲಿಲ್ಲ, ಆಕಾಶದಲ್ಲೂ ಬಿಡಲಿಲ್ಲ.

ದಾರಿ 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮೀರಜಿಗೆ ಮುಟ್ಟಿತು. ಈ ಕೊನೆಯ ತುಂಡಿನಲ್ಲಿ ಜತ್ತ ರೋಡ್ ಎಂಬ ನಿಲ್ದಾಣವಿದೆ. ಜತ್ತ ಪಟ್ಟಣ ಅಲ್ಲಿಂದ ದೂರವೇ. ಆದರೂ ಕನ್ನಡದ ಮಾತು ಆ ಸಣ್ಣ ಗಾಡಿ ಹತ್ತುತ್ತಿದ್ದ ಜಾಗ ಅದು. ಮೀರಜಿನಲ್ಲಿ ಇಳಿದವರಿಗೆ ಅಲ್ಲಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಮೀಟರ್ ಗೇಜಿನ ಗಾಡಿಯಿತ್ತು. ಆಷಾಢಿ, ಕಾರ್ತೀಕಿಗಳಿಗೆ ಹೊರಟ ವಾರಕರಿಗಳಿಗೆ ಪಂಢರಪುರದ ಗಾಡಿಯಿತ್ತು. 1954ರಲ್ಲಿ ಸರಕಾರ ಕಂಪನಿಯನ್ನು ಕೊಂಡಿತು. ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಸಣ್ಣ ಹಳಿಯೆಲ್ಲ ಬ್ರಾಡ್ ಗೇಜಾಯಿತು. ಅದನ್ನು ಅಳಬೇಕಾದ ಸಂಗತಿಯೆಂದು ಹೇಳುವುದು ಆತ್ಮವಂಚನೆ. ಬ್ರಾಡ್ ಗೇಜು ಬಂದದ್ದರಿಂದ ಲಾತೂರಿನ ಜನ ಗಾಡಿ ಬದಲಿಸದೆ ಮುಂಬಯಿಗೆ ಹೋಗುತ್ತಿದ್ದಾರೆ, ಮತ್ತು ಹೋಗಬೇಕಾದದ್ದೇ ಹಾಗೆ.

ಆದರೆ ಹಲಗೆಗೆ ಬೇಕಾದದ್ದು ಹೋದ ಹಳಿ. ಏಕೆಂದರೆ ಕಿರಿದಾದ ಜಾಗಕ್ಕೆ ಇದಕ್ಕಿಂತ ಒಪ್ಪುವ ರೈಲು ಮತ್ತೊಂದಿಲ್ಲ. ಎರಡೂವರೆ ಅಡಿ ಅಂದರೆ 762 ಮಿಲಿಮೀಟರ್; 87ರಿಂದ ಭಾಗಿಸಿದರೆ 8.76. ಎನ್ ಅಳತೆಯ ಹಳಿಯ ಅಂತರ 9 ಮಿಲಿಮೀಟರ್. ತಪ್ಪು ಕಾಲು ಮಿಲಿಮೀಟರಿಗೂ ಕಡಿಮೆ. ಆದುದರಿಂದ ಎನ್ ಅಳತೆಯ ಹಳಿ, ಎನ್ ಅಳತೆಯ ಎಂಜಿನ್ನಿನ ಕೆಳಭಾಗ ಇವೆರಡನ್ನು ಕೊಂಡು, ಮೇಲಿನ ಒಡಲನ್ನು ರಟ್ಟಿನಿಂದ ಕಟ್ಟಿದರೆ ಎಚ್‌ಒ ಅಳತೆಯ ಬಾರ್ಶಿ ಲೈಟ್ ಸಿದ್ಧ. ಲಗ್ನಪತ್ರಿಕೆಗಳ ದಪ್ಪ ರಟ್ಟು ಇದಕ್ಕೆ ಹೇಳಿ ಮಾಡಿಸಿದಂಥದ್ದು. ಪ್ರತಿ ಮನೆಯಲ್ಲಿಯೂ ಕಟ್ಟುಗಟ್ಟಲೆ ಬಿದ್ದಿರುತ್ತದೆ. ಡಬ್ಬಿಯ ಉದ್ದ 25 ಅಡಿಯೆಂದು ಹಿಡಿದರೆ ಮಾದರಿಯಲ್ಲಿ ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ. ಕೊಂಡಿ ಸೇರಿ ಒಂಬತ್ತೂವರೆ. ಐದು ಡಬ್ಬಿಗೆ 48 ಸೆಂಟಿಮೀಟರ್, ಎರಡು ಪಾಯಿಂಟಿಗೆ 24, ಎಂಜಿನ್ನಿಗೂ ಮೂರು ಡಬ್ಬಿಗೂ 39. ಒಟ್ಟು 111. ನಾಲ್ಕು ಅಡಿಯೆಂದರೆ 122. ರೈಟ್‌ನ ನಕ್ಷೆ ಕಪಾಟಿನ ನೆತ್ತಿಯ ಮೇಲೆ ಕೂತಿತು, ಅಂಗೈಯಗಲ ಜಾಗವೂ ಉಳಿಯಿತು.

ಆ ಹಲಗೆ ಕುರ್ಡುವಾಡಿಯ ಒಂದು ಮೂಲೆಯಾಗಲಿ. ಹಿಂದೆ ಬಾರ್ಶಿ ರೋಡ್ ಎನಿಸಿಕೊಂಡ ಈ ಜಂಕ್ಷನ್ನಿನಲ್ಲಿ ಸಣ್ಣ ಹಳಿಯೂ ದೊಡ್ಡ ಹಳಿಯೂ ಕೂಡುತ್ತಿದ್ದವು. ಕೂಡುತ್ತಿದ್ದವು ಎಂಬುದು ಮಾತಿನ ರೂಢಿ; ಎರಡು ಗೇಜುಗಳು ಕೂಡುವುದಿಲ್ಲ, ಮುಖಾಮುಖಿ ನಿಲ್ಲುತ್ತವೆ. ಲಾತೂರ, ಬಾರ್ಶಿ ಪೇಟೆಗಳ ಹತ್ತಿ, ಕಾಳುಕಡಿಗಳು ಸಣ್ಣ ಡಬ್ಬಿಯಿಂದ ಇಳಿದು ದೊಡ್ಡ ಡಬ್ಬಿಗೆ ಏರಲೇಬೇಕಿತ್ತು. ಇದೇ ಕ್ಯಾಲ್‌ಥ್ರಾಪ್ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ 1904ರಲ್ಲಿ ತೆರೆದ ಲೀಕ್ ಮತ್ತು ಮ್ಯಾನಿಫೋಲ್ಡ್ ಮಾರ್ಗದಲ್ಲಿ ದೊಡ್ಡ ವ್ಯಾಗನ್ನನ್ನೇ ಹೊತ್ತೊಯ್ಯುವ ಸಣ್ಣ ಹಳಿಯ ವಾಹನಗಳಿದ್ದವು. ಆ ಮಾರ್ಗ ಮೂವತ್ತೇ ವರ್ಷ ಬಾಳಿ 1934ರಲ್ಲಿ ಮುಚ್ಚಿತಾದರೂ ಅದರ ಮಾದರಿಗಳನ್ನು ಇಂಗ್ಲಿಷ್ ಹವ್ಯಾಸಿಗಳು ಇಂದಿಗೂ ಕಟ್ಟುತ್ತಾರೆ. ಕುರ್ಡುವಾಡಿಯಲ್ಲಿ ಸರಕು ಹಮಾಲರ ಬೆನ್ನೇರಿ ದಾಟುತ್ತಿತ್ತು. ಅದರ ಹಲಗೆ ಯಾರ ಕಪಾಟಿನ ಮೇಲಿದೆ?

ಮುಂಭಾಗದಲ್ಲಿ ಇಂಗ್ಲ್‌ನೂಕಿನ ಮೂರು ಸೈಡಿಂಗುಗಳು. ಹಿಂಬದಿಯಲ್ಲಿ ಮಾಲು ಬದಲಿಸುವ ಷೆಡ್ಡು. ಷೆಡ್ಡಿನ ಆಚೆಗೆ ಬ್ರಾಡ್ ಗೇಜಿನ ಒಂದು ಹಳಿ, ಅದರ ಮೇಲೆ ಅರ್ಧ ವ್ಯಾಗನ್. ಅರ್ಧ ಸಾಕು, ಉಳಿದರ್ಧವನ್ನು ಗೋಡೆ ನುಂಗಿದೆಯೆಂದು ನೋಡುವವರೇ ತಿಳಿದುಕೊಳ್ಳುತ್ತಾರೆ. ಅದು ಓಡಬೇಕಾಗಿಲ್ಲ. ಇಲ್ಲೊಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಂತರ 16.5 ಮಿಲಿಮೀಟರ್, ಯುರೋಪಿನ ಗೇಜಿಗೆ ಹೊಂದುವಂಥದ್ದು. ಭಾರತದ ಐದೂವರೆ ಅಡಿಯ ಗೇಜಿಗೆ ಅದು 19 ಮಿಲಿಮೀಟರಿಗೂ ಹೆಚ್ಚಿರಬೇಕು. ಸಣ್ಣದೂ ದೊಡ್ಡದೂ ಎದುರುಬದುರು ನಿಲ್ಲುವುದೇ ಈ ದೃಶ್ಯದ ಜೀವವಾಗಿರುವಾಗ ಆ ಮೂರು ಮಿಲಿಮೀಟರನ್ನು ಕಳ್ಳಸಾಗಣೆ ಮಾಡಬಾರದು. ಓಡದ ಹಳಿಯಾದ್ದರಿಂದ ಎರಡು ಕಂಬಿಗಳನ್ನು ಅಳೆದು ಕೈಯಿಂದಲೇ ಅಂಟಿಸಬಹುದು.

ಉಳಿದ ಕೈಕೆಲಸವನ್ನು ಬೇಗ ಹೇಳಿ ಮುಗಿಸಬಹುದು. ಹಲಗೆ ಮಳೆಗಾಲದಲ್ಲಿ ಬಾಗದಂತೆ ಪ್ಲೈವುಡ್ಡಿನ ಅಡಿಗೆ ಪಟ್ಟಿ ಕೂಡಿಸಬೇಕು. ವೈಶಾಖದ ಬಿಸಿಲಿಗೆ ಕಂಬಿ ಹಿಗ್ಗುವುದರಿಂದ ಜೋಡಣೆಗಳಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು. ವಿದ್ಯುತ್ತು 12 ವೋಲ್ಟಿನದು, ಮಕ್ಕಳಿಗೂ ಅಪಾಯವಿಲ್ಲ. ಶಂಟಿಂಗ್ ನೆಕ್‌ನಲ್ಲಿ ಒಂದು ಜೊತೆ ತಂತಿ ಬೆಸೆದರೆ ಸಾಕು, ಯಾವ ಸೈಡಿಂಗಿಗೆ ಪಾಯಿಂಟು ತಿರುಗಿದೆಯೋ ಅತ್ತ ಹರಿಯುತ್ತದೆ. ಹಳಿಯನ್ನು ಹಲಗೆಯ ಅಂಚಿಗೆ ಸಮಾಂತರವಾಗಿ ಹಾಕದೆ ತುಸು ಓರೆಯಾಗಿ ಹಾಕಿದರೆ ಹಲಗೆ ಉದ್ದವಾಗಿ ಕಾಣುತ್ತದೆ. ನೆಲದ ಮೇಲಿಟ್ಟು ಬಗ್ಗಿ ನೋಡಿದರೆ ಆಟಿಕೆ. ಕಣ್ಣಿನ ಮಟ್ಟಕ್ಕೆ ಏರಿಸಿ ನೋಡಿದರೆ ಊರು. ಕಪಾಟಿನ ನೆತ್ತಿಗೆ ಆ ಅನುಕೂಲ ತಾನಾಗಿಯೇ ಇದೆ, ಸ್ಟೂಲು ಹತ್ತಿ ನಿಂತವರಿಗೆ. ಗಾಡಿ ಹೊರಹೋಗುವ ಕಿಂಡಿಯನ್ನು ಒಂದು ಬೇವಿನ ಮರದಿಂದ ಮುಚ್ಚಬೇಕು. ಬಯಲಾಟದಲ್ಲಿ ದೂತನು ರಂಗಕ್ಕೆ ಒಂದು ಸುತ್ತು ಹಾಕಿ ಹಸ್ತಿನಾವತಿಯಿಂದ ದ್ವಾರಕೆಗೆ ಬಂದೆನೆಂದರೆ ಕೂತ ಸಾವಿರ ಜನ ಒಪ್ಪುತ್ತಾರೆ. ಬೇವಿನ ಮರದಾಚೆ ಲಾತೂರಿದೆಯೆಂದರೆ ಒಬ್ಬ ನೋಡುಗ ಒಪ್ಪಲಾರನೇ?

ತಿರುಗಾಡದ ರೈಲು ರೈಲೇ ಅಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಚಿಕ್ಕ ಮಕ್ಕಳ ಮಟ್ಟಿಗೆ ಅವರ ಮಾತು ಸರಿ. ಐದು ವರ್ಷದ ಮಗುವಿಗೆ ಓಟ ಬೇಕು, ಚೀಟಿ ಎತ್ತಿ ಡಬ್ಬಿ ಹೊಂದಿಸುವ ತಾಳ್ಮೆಯಲ್ಲ. ಅದಕ್ಕೆ ಚಾಪೆಯ ಮೇಲಿನ ಸುತ್ತೇ ಇರಲಿ. ಆದರೆ ಬೆಳೆದವರು ಒಮ್ಮೆ ನಿಜವಾದ ರೈಲಿನ ಆಯುಷ್ಯವನ್ನು ಲೆಕ್ಕ ಹಾಕಲಿ. ಮಾಲುಡಬ್ಬಿಯೊಂದು ಓಡುವುದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತದೆ: ತುಂಬಿಸಿಕೊಳ್ಳಲು, ಬರಿದಾಗಲು, ಎಂಜಿನ್ನು ಬರಲು, ಮುಂದಿನ ಗಾಡಿ ಹೋಗಲು. ಓಟವನ್ನು ಮಾತ್ರ ಕಟ್ಟಿದವನು ರೈಲಿನ ಬಾಳಿನ ಸಣ್ಣ ಪಾಲನ್ನು ಕಟ್ಟಿದನು. ರೈಲನ್ನು ದುಡಿಸಿದ ಮನುಷ್ಯರೆಲ್ಲ, ಪಾಯಿಂಟ್ಸ್‌ಮನ್ನು, ಗುಮಾಸ್ತ, ಹಮಾಲ, ಚಹದ ಹುಡುಗ, ಇರುವುದು ಅದು ನಿಂತಲ್ಲಿ.

ಕಟ್ಟುವವನಿಗೆ ನಿಜವಾದ ಕಷ್ಟ ಎದುರಾಗುವುದೂ ಅಲ್ಲಿಯೇ. ಹಳಿ ಕೊಳ್ಳಬಹುದು, ಲೆಕ್ಕ ಹಾಕಬಹುದು. ಆದರೆ ಷೆಡ್ಡಿನ ತಗಡಿಗೆ ಯಾವ ಬಣ್ಣ? ನೀರಿನ ಹೌದು ಯಾವ ಬದಿಗೆ? ಯಾವ ವರ್ಷ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಕಂಪನಿಯ ಕಾಲದ ಎಂಜಿನ್ನನ್ನು ಸರಕಾರದ ಕಾಲದ ಫಲಕದ ಕೆಳಗೆ ನಿಲ್ಲಿಸಿದರೆ ದೃಶ್ಯವೆಲ್ಲ ಸುಳ್ಳಾಯಿತು. ಫಲಕದ ಮಾತು ಬಂದಾಗ ಗಡಿನಾಡಿನ ಕನ್ನಡಿಗನ ಕೈ ಒಂದು ಕ್ಷಣ ತಡೆಯುತ್ತದೆ. ಮೂರು ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ, ತನ್ನದೇ ಹಲಗೆಯ ಮೇಲೆ, ನಿಲ್ದಾಣದ ಹೆಸರನ್ನು ಕನ್ನಡದಲ್ಲಿಯೂ ಬರೆದುಬಿಡುವ ಆಸೆ ಯಾರಿಗೆ ಬಾರದು? ಹಳೆಯ ಛಾಯಾಚಿತ್ರದಲ್ಲಿ ಕಂಡರೆ ಬರೆಯಲಿ, ಕಾಣದಿದ್ದರೆ ಬರೆಯಬಾರದು. ಅಭಿಮಾನಕ್ಕಾಗಿ ಬರೆದ ಸುಳ್ಳು ಫಲಕ ಆ ದಾರಿಯಲ್ಲಿ ಓಡಾಡಿದ ಕನ್ನಡಕ್ಕೆ ಸಾಕ್ಷಿಯಾಗುವುದಿಲ್ಲ. ನಿಜವಾಗಿ ಇದ್ದದ್ದನ್ನೂ ಸಂಶಯಕ್ಕೆ ಗುರಿಮಾಡುತ್ತದೆ. ಜತ್ತ ರೋಡಿನಲ್ಲಿ ಕನ್ನಡ ಇದ್ದದ್ದು ಗಂಟು ಹೊತ್ತವರ ಬಾಯಲ್ಲಿ. ಅದನ್ನು ಹಲಗೆಯ ಮೇಲೆ ತೋರಿಸುವ ಬಗೆ ಬೇರೆಯಿದೆ: ಪ್ಲಾಟ್‌ಫಾರ್ಮಿನ ಮೇಲೆ ಕೂತ ಎರಡು ಸೆಂಟಿಮೀಟರಿನ ಅಜ್ಜನ ತಲೆಯ ರುಮಾಲು, ಇಳಕಲ್ ಸೀರೆಯ ಸೆರಗಿನ ಕೆಂಪು, ಬುತ್ತಿಯ ಗಂಟು.

ಸರಕಾರದ ಕಾಗದಗಳಲ್ಲಿ ಹಳಿಯ ಉದ್ದ ಸಿಗುತ್ತದೆ, ವರ್ಷ ಸಿಗುತ್ತದೆ, ಎಂಜಿನ್ನಿನ ತೂಕ ಸಿಗುತ್ತದೆ. ಈ ಹಲಗೆಗೆ ಬೇಕಾದ ಮಿಕ್ಕ ಸಂಗತಿಗಳಿರುವುದು ಮನುಷ್ಯರ ನೆನಪಿನಲ್ಲಿ, ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. ಎರಡೂ ಬಲ್ಲ ವಿದ್ಯಾರ್ಥಿ ಹೋಗಿ ಕೇಳಿದರೆ ಅವು ಬರುತ್ತವೆ. ‘ಬಾರ್ಶಿ ಲೈಟ್ ಬಗ್ಗೆ ಏನಾದರೂ ಹೇಳಿರಿ’ ಎಂದು ಕೇಳಿದರೆ ‘ಬಹಳ ಹಳೂಕ ಹೋಗತಿತ್ತು’ ಎಂಬ ನಗೆಯ ಹೊರತು ಮತ್ತೇನೂ ಸಿಗುವುದಿಲ್ಲ. ಹಲಗೆ ಕಟ್ಟುತ್ತಿರುವವನ ಪ್ರಶ್ನೆ ಬೇರೆ. ಸಣ್ಣ ಡಬ್ಬಿಯ ನೆಲ ತಗ್ಗು, ದೊಡ್ಡ ಡಬ್ಬಿಯ ನೆಲ ಎತ್ತರ. ಚೀಲ ಹೊತ್ತವರು ನಡುವೆ ಏನನ್ನು ಹಾಕಿಕೊಳ್ಳುತ್ತಿದ್ದರು? ಒಂದೇ ಹಲಗೆಯೋ, ಎರಡೋ? ಜಾರದಂತೆ ಅಡ್ಡಪಟ್ಟಿ ಹೊಡೆದಿರುತ್ತಿತ್ತೇ? ಎಷ್ಟು ಹೆಜ್ಜೆಗೆ ಆ ಬದಿ ಮುಟ್ಟುತ್ತಿತ್ತು? ಹಿಂದಿರುಗುವವರು ಅದೇ ಹಲಗೆಯ ಮೇಲೆ ಬರುತ್ತಿದ್ದರೋ, ಕೆಳಗೆ ಜಿಗಿಯುತ್ತಿದ್ದರೋ? ಇಂಥದನ್ನು ಕೇಳಿದಾಗ ಮುದುಕರು ಎದ್ದು ನಿಂತು ನಡೆದು ತೋರಿಸುತ್ತಾರೆ.

ಸಣ್ಣ ಗಾಡಿಯಲ್ಲಿ ಕೊನೆಕೊನೆಗೆ ಪ್ರಯಾಣಿಸಿದವರು ಇನ್ನೂ ನಡುವಯಸ್ಸಿನವರು. ಕುರ್ಡುವಾಡಿಯ ಷೆಡ್ಡಿನಲ್ಲಿ ಚೀಲ ಹೊತ್ತವರು ಹಾಗಲ್ಲ. ಅವರಲ್ಲಿ ಉಳಿದವರು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಸೊಲ್ಲಾಪುರದಿಂದ ಕುರ್ಡುವಾಡಿಗೆ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ದೀಪಾವಳಿಯ ಸೂಟಿಯೂ ಹತ್ತಿರ ಬಂದಿದೆ.